ಪಿಯುಸಿ ಆದ ಮೇಲೆ ಚಿತ್ರಕಲೆಯೋ ರಂಗಭೂಮಿಯೋ? ಮಗಳನ್ನು ಸೇರಿಸುವ ಮುನ್ನ ಅನುಭವಸ್ಥರ ಸಲಹೆ ಬೇಕು

ಗಂಗಾವತಿಯ ತಂದೆ:

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ನನ್ನ ಮಗಳು ಈ ವರ್ಷ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾಗಿದ್ದಾಳೆ. ಹೈಸ್ಕೂಲಿನಲ್ಲಿದ್ದಾಗಲೇ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಪರೀಕ್ಷೆಗಳನ್ನು ಮುಗಿಸಿದ ಅವಳು, ಕಳೆದೆರಡು ವರ್ಷಗಳಲ್ಲಿ ಕಾಲೇಜಿನ ನಾಟಕಗಳಲ್ಲಿಯೂ ಪಾತ್ರ ಮಾಡಿದ್ದಾಳೆ. ಈಗ ಬಿ.ಕಾಂ. ಓದುವುದಿಲ್ಲ, ಕಲೆಯನ್ನೇ ಓದುತ್ತೇನೆ ಎನ್ನುತ್ತಾಳೆ; ಆದರೆ ಚಿತ್ರಕಲೆಯೋ ನಾಟಕವೋ ಎಂಬುದನ್ನು ಅವಳೇ ಇನ್ನೂ ತೀರ್ಮಾನಿಸಿಲ್ಲ. ಅವಳ ಸೋದರಮಾವ, ಇದೆಲ್ಲ ರಜೆಯಲ್ಲಿ ಮಾಡುವ ಕೆಲಸ, ಇದಕ್ಕೆ ನಾಲ್ಕು ವರ್ಷ ಯಾಕೆ ಎಂದು ಕೇಳುತ್ತಿದ್ದಾರೆ. ನನಗೆ ಅವಳನ್ನು ತಡೆಯುವ ಮನಸ್ಸಿಲ್ಲ. ಆದರೆ ಕಾಲೇಜಿನಲ್ಲಿ ದಿನವಿಡೀ ಏನು ಕಲಿಸುತ್ತಾರೆ, ಅಲ್ಲಿಂದ ಹೊರಬಂದವರು ಯಾವ ಕೆಲಸದಲ್ಲಿದ್ದಾರೆ ಎಂಬುದು ತಿಳಿಯದೆ ಹೆಜ್ಜೆ ಇಡಲು ಭಯವಾಗುತ್ತದೆ. ತಿಳಿದವರು ದಯವಿಟ್ಟು ಬರೆಯಿರಿ.

ರಾಯಚೂರಿನ ಚಿತ್ರಕಲಾ ಶಿಕ್ಷಕಿ:

ಸರ್, ನಾನು ಕಲಬುರಗಿಯಲ್ಲಿ ಬಿ.ವಿ.ಎ. (ದೃಶ್ಯಕಲೆಯ ನಾಲ್ಕು ವರ್ಷದ ಪದವಿ) ಓದಿ ಈಗ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೇನೆ. ನಾಲ್ಕು ವರ್ಷ ಯಾಕೆ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿಯೂ ಕೇಳಿದ್ದರು, ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ. ಮೊದಲ ವರ್ಷ ಅಡಿಪಾಯದ ವರ್ಷ. ಮಡಕೆ, ಬಟ್ಟೆಯ ಮಡಿಕೆ, ಹಣ್ಣುಗಳನ್ನು ಮುಂದಿಟ್ಟುಕೊಂಡು ನೆರಳು ಬೆಳಕನ್ನು ಗಂಟೆಗಟ್ಟಲೆ ನೋಡಿ ಬರೆಯುವುದು, ಜೇಡಿಮಣ್ಣಿನಲ್ಲಿ ಮುಖ ಮಾಡುವುದು, ಅಕ್ಷರಗಳ ಅಳತೆ ಕಲಿಯುವುದು, ಹೀಗೆ ಎಲ್ಲವನ್ನೂ ಎಲ್ಲರೂ ಮಾಡಬೇಕು. ಆನಂತರವೇ ಚಿತ್ರಕಲೆ, ಶಿಲ್ಪ, ಅನ್ವಯಿಕ ಕಲೆ, ಗ್ರಾಫಿಕ್ ಮುದ್ರಣ ಮುಂತಾದವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು. ಊರಿನಲ್ಲಿ ಎಲ್ಲರಿಂದ ಶಹಬ್ಬಾಸ್ ಎನಿಸಿಕೊಂಡು ಹೋಗಿದ್ದ ನಾನು, ಕುಳಿತ ಮನುಷ್ಯನ ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ಒಮ್ಮೆಯೂ ಗಮನಿಸಿರಲಿಲ್ಲ ಎಂದು ಅಲ್ಲಿ ಗೊತ್ತಾಯಿತು. ಫೋಟೋ ನೋಡಿ ಬರೆಯುವ ಅಭ್ಯಾಸವನ್ನು ಬಿಡುವುದಕ್ಕೇ ನನಗೆ ಎರಡು ಸೆಮಿಸ್ಟರ್ ಹಿಡಿಯಿತು. ಇದು ರಜೆಯ ತರಗತಿಯಲ್ಲಿ ಬರುವ ವಿದ್ಯೆಯಲ್ಲ ಎಂದು ಅವಳ ಸೋದರಮಾವನವರಿಗೆ ಖಂಡಿತವಾಗಿ ಹೇಳಿ.

ಕೆಲಸದ ಮಾತು. ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ನೇಮಕಾತಿ ಆಗಾಗ ನಡೆಯುವುದಿಲ್ಲ. ಅದೊಂದನ್ನೇ ನಂಬಿ ಸೇರಿಸಬೇಡಿ. ನನ್ನ ಸಹಪಾಠಿಗಳಲ್ಲಿ ಬೇಗ ಸಂಬಳ ಕಂಡವರು ಅನ್ವಯಿಕ ಕಲೆ ಓದಿದವರು: ಜಾಹೀರಾತು, ಪುಸ್ತಕ ವಿನ್ಯಾಸ, ಆನಿಮೇಷನ್ ಕ್ಷೇತ್ರಗಳಲ್ಲಿದ್ದಾರೆ. ಶುಲ್ಕಕ್ಕಿಂತ ಕಾಗದ, ಬಣ್ಣ, ಕ್ಯಾನ್ವಾಸಿನ ಖರ್ಚೇ ಮನೆಯವರನ್ನು ಹಿಂಡುತ್ತದೆ, ಅದಕ್ಕೆ ಬೇರೆಯಾಗಿ ಹಣ ಎತ್ತಿಡಿ. ಇನ್ನೊಂದು ಮಾತು: ನೀವು ಕೊಪ್ಪಳ ಜಿಲ್ಲೆಯವರಾದ್ದರಿಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಅನ್ವಯಿಸುತ್ತದೆ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳು ನಮ್ಮ ಭಾಗದವರಿಗಿವೆ. ಉಪವಿಭಾಗಾಧಿಕಾರಿಗಳು ನೀಡುವ ಆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅದು ಕೈಗೆ ಬರುವುದು ತಡವಾಗಿ ನನ್ನ ಜೊತೆಗಾರ್ತಿಯೊಬ್ಬಳು ಒಂದು ವರ್ಷವನ್ನೇ ಕಳೆದುಕೊಂಡಳು.

ಬಳ್ಳಾರಿಯ ರಂಗಕರ್ಮಿ:

ಮಾನ್ಯರೇ, ಶಿಕ್ಷಕಿಯವರು ಚಿತ್ರಕಲೆಯ ಬಗ್ಗೆ ಬರೆದಿರುವುದರಿಂದ ನಾನು ನಾಟಕದ ಬಗ್ಗೆ ಮಾತ್ರ ಬರೆಯುತ್ತೇನೆ. ನಿಮ್ಮ ಮಗಳು ಎರಡರಲ್ಲಿ ಒಂದನ್ನು ಈಗಲೇ ಬಿಟ್ಟುಬಿಡಬೇಕು ಎಂದು ನನಗೆ ಅನ್ನಿಸುವುದಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಸಿಕೊಂಡು ಬಂದಿರುವ ತರಬೇತಿ ಒಂದು ಶೈಕ್ಷಣಿಕ ವರ್ಷದ್ದು. ಅಲ್ಲಿ ಬೆಳಗಿನ ವ್ಯಾಯಾಮದಿಂದ ರಾತ್ರಿಯ ತಾಲೀಮಿನವರೆಗೆ ದಿನ ಪೂರ್ತಿ ತುಂಬಿರುತ್ತದೆ, ಸೆಟ್ಟು ಕಟ್ಟುವುದನ್ನೂ ಬೆಳಕು ಕೊಡುವುದನ್ನೂ ನಟರೇ ಕಲಿಯಬೇಕು. ಅಂಥ ತರಬೇತಿಯನ್ನು ಪದವಿಯ ನಂತರವೂ ಪಡೆಯಬಹುದು, ಮತ್ತು ಸ್ವಲ್ಪ ಲೋಕ ಕಂಡು ಹೋದವರಿಗೆ ಅದು ಹೆಚ್ಚು ದಕ್ಕುತ್ತದೆ ಎಂಬುದು ಇಷ್ಟು ವರ್ಷ ಹುಡುಗರ ಜೊತೆ ಕೆಲಸ ಮಾಡಿದ ನನ್ನ ಅಭಿಪ್ರಾಯ. ಚಿತ್ರಕಲೆಯ ಕೈ ಮಾತ್ರ ಎಳೆಯ ವಯಸ್ಸಿನಲ್ಲಿಯೇ ಪಳಗಬೇಕು. ಬಿ.ವಿ.ಎ. ಮುಗಿಸಿ ರಂಗಭೂಮಿಗೆ ಬಂದವರು ರಂಗಸಜ್ಜಿಕೆ, ವಸ್ತ್ರವಿನ್ಯಾಸ, ಪ್ರಸಾಧನಗಳಲ್ಲಿ ಎಷ್ಟು ಬೆಲೆಬಾಳುತ್ತಾರೆಂಬುದನ್ನು ನಮ್ಮಂಥ ತಂಡದವರನ್ನು ಕೇಳಬೇಕು; ನಮಗೆ ನಟರು ಸಿಗುತ್ತಾರೆ, ವಿನ್ಯಾಸಕರು ಸಿಗುವುದಿಲ್ಲ.

ಹೆಣ್ಣುಮಗಳು ರಂಗದ ಮೇಲೆ ಎಂದು ಬಂಧುಗಳು ಮುಖ ಸಿಂಡರಿಸಿದರೆ, ವಕೀಲಿ ವೃತ್ತಿಯಲ್ಲಿದ್ದುಕೊಂಡೇ ನಟಿಸಿದ ಬಳ್ಳಾರಿ ರಾಘವರು (1880–1946) ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂದು ಆ ಕಾಲದಲ್ಲಿಯೇ ಹಟ ಹಿಡಿದಿದ್ದನ್ನು ನೆನಪಿಸಿ. ಸುಭದ್ರಮ್ಮ ಮನ್ಸೂರು ಅವರು ಹಾಡುತ್ತ ನಟಿಸುತ್ತ ಬಾಳಿದ್ದೂ ಇದೇ ಊರಿನಲ್ಲಿ. ಹಾಡುತ್ತ ಕಥೆ ಹೇಳುವ ಬುರ್ರಕಥೆಯ ಕಲಾವಿದೆ ದರೋಜಿ ಈರಮ್ಮನವರು ಶಾಲೆಯ ಮೆಟ್ಟಿಲು ಹತ್ತದೆ ಅಷ್ಟು ಕಾವ್ಯಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು.

ಕಿನ್ನಾಳದ ಓದುಗ:

ನಮ್ಮದು ಚಿತ್ರಗಾರರ ಮನೆತನ. ತಂದೆಯವರ ಪಕ್ಕದಲ್ಲಿ ಕುಳಿತು ಹಗುರ ಮರ ಕೆತ್ತುವುದು, ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಮಾಡುವುದು, ಗೊಂಬೆಗೆ ಬಣ್ಣ ಹಾಕುವುದು ಇವನ್ನೆಲ್ಲ ಕಲಿತ ಮೇಲೆಯೇ ನಾನು ಕಾಲೇಜಿಗೆ ಹೋದೆ. ಎರಡನ್ನೂ ಕಂಡವನಾಗಿ ಹೇಳುವುದಾದರೆ, ಮನೆಯಲ್ಲಿ ದೇವಿಯ ಕಣ್ಣು ಹೀಗೆಯೇ ಇರಬೇಕೆಂದು ಕಲಿಸಿದರು. ಯಾಕೆ ಹಾಗೆ ಎಂದು ಕೇಳಲು ಕಲಿಸಿದ್ದು ಕಾಲೇಜು. ಆದರೆ ಕಿಟ್ಟದ ಹದವನ್ನು ಅಲ್ಲಿ ಯಾರೂ ನನಗೆ ಕಲಿಸಲಿಲ್ಲ. ನಮ್ಮ ಜಿಲ್ಲೆಯಲ್ಲಿ ಏನಿದೆ ಎಂಬುದನ್ನು ಅರಿಯದೆಯೇ ಯುರೋಪಿನ ಚಿತ್ರಕಾರರ ಹೆಸರುಗಳನ್ನು ಬಾಯಿಪಾಠ ಮಾಡಿ ಬಂದ ಗೆಳೆಯರನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಾಗ, ಇದೇ ಜಿಲ್ಲೆಯ ಎಷ್ಟೋ ಕಲಾ ವಿದ್ಯಾರ್ಥಿಗಳು ಆ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ತೊಗಲಿನ ಮೇಲಿನ ಬಣ್ಣ ದೀಪದ ಬೆಳಕು ಹಾಯ್ದು ಪರದೆಗೆ ಬೀಳುವಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಚಿತ್ರ ಮತ್ತು ನಾಟಕ ಎರಡನ್ನೂ ಪ್ರೀತಿಸುವ ನಿಮ್ಮ ಮಗಳು ನೋಡಲೇಬೇಕು.

ಗಂಗಾವತಿಯ ತಂದೆ:

ಮೂವರಿಗೂ ಮನಃಪೂರ್ವಕ ವಂದನೆಗಳು. ಈ ಉತ್ತರಗಳನ್ನು ಮಗಳಿಗೂ ಅವಳ ಸೋದರಮಾವನಿಗೂ ಓದಿ ಹೇಳಿದೆ. ಮೊದಲು ಬಿ.ವಿ.ಎ., ರಂಗ ತರಬೇತಿ ಆಮೇಲೆ ಎಂಬುದಕ್ಕೆ ಅವಳು ಒಪ್ಪಿದ್ದಾಳೆ. ಸಂದರ್ಶನಕ್ಕೆ ಹೋಗುವಾಗ ಯಾವ ಚಿತ್ರಗಳನ್ನು ಒಯ್ಯಬೇಕು ಎಂಬುದೊಂದು ಉಳಿದಿದೆ.

ರಾಯಚೂರಿನ ಚಿತ್ರಕಲಾ ಶಿಕ್ಷಕಿ:

ಫೋಟೋದಿಂದ ನಕಲು ಮಾಡಿದ ನಟರ, ದೇವರ ಚಿತ್ರಗಳನ್ನು ಮನೆಯಲ್ಲಿಯೇ ಬಿಡಲಿ. ಒಂದು ಸ್ಕೆಚ್ ಪುಸ್ತಕ ಹಿಡಿದು ದಿನಕ್ಕೆ ಹತ್ತು ಗೀಟುಚಿತ್ರಗಳನ್ನಾದರೂ ಎದುರಿಗಿರುವುದನ್ನು ನೋಡಿ ಬರೆಯಲಿ: ನಿಮ್ಮ ಗಿರಣಿಯಲ್ಲಿ ಚೀಲ ಹೊರುವ ಹಮಾಲರು, ಬಸ್ ನಿಲ್ದಾಣದಲ್ಲಿ ಕುಳಿತವರು, ಆನೆಗೊಂದಿಯ ಬಂಡೆಗಳು. ಒಂದು ದಿನ ಬಿಡುವು ಮಾಡಿಕೊಂಡು ಇಟಗಿಯ ಮಹಾದೇವ ದೇವಾಲಯಕ್ಕೆ ಕರೆದುಕೊಂಡು ಹೋಗಿ. 1112ರಲ್ಲಿ ಕಟ್ಟಿದ ಆ ಗುಡಿಯ ಕಂಬಗಳ ಮುಂದೆ ಅವಳು ಸಂಜೆಯವರೆಗೆ ಕುಳಿತು ಬರೆಯಲಿ, ನೀವು ಬುತ್ತಿ ಕಟ್ಟಿಕೊಂಡು ಹೋಗಿ ತಾಳ್ಮೆಯಿಂದ ಕಾಯಿರಿ. ತಪ್ಪಿದ ಗೆರೆಗಳನ್ನು ಅಳಿಸದೆ ಆ ಪುಸ್ತಕವನ್ನು ಹಾಗೆಯೇ ಒಯ್ಯಲಿ.