ಟೆಕ್ನಿಕ್ ಸುಧಾರಿಸಲು ರೇಸ್ ಸ್ಕೀ ತಗೋಬೇಕಾ?

ಕೇಳಿದ್ದು: ಮ್ಯೂನಿಕ್‌ನಲ್ಲಿದ್ದೇನೆ. ಕೆಲವು ವರ್ಷಗಳಿಂದ ಚಳಿಗಾಲದ ವಾರಾಂತ್ಯಗಳಲ್ಲಿ ಆಸ್ಟ್ರಿಯಾ ಕಡೆ ಸ್ಕೀಯಿಂಗ್ ಹೋಗುತ್ತೇನೆ. ನೀಲಿ ಪಿಸ್ಟ್ (ಯಂತ್ರದಿಂದ ಹದ ಮಾಡಿದ ಸುಲಭದ ಇಳಿಜಾರು) ಆರಾಮ, ಅದಕ್ಕಿಂತ ಕಷ್ಟದ ಕೆಂಪು ಪಿಸ್ಟೂ ಹೇಗೋ ಇಳಿಯುತ್ತೇನೆ. ಆದರೆ ಎಲ್ಲಾ ತಿರುವುಗಳೂ ಜಾರಿಸಿಕೊಂಡೇ, ಜಾರಿಸದೆ ಸ್ಕೀಯ ಅಂಚಿನ ಮೇಲೇ ತಿರುಗುವ ಕಾರ್ವಿಂಗ್ ಬರುತ್ತಿಲ್ಲ. ಈಗಿರುವುದು ನಡುವೆ 82 ಮಿ.ಮೀ. ಅಗಲದ ಮೆತ್ತನೆ ಆಲ್‌ಮೌಂಟನ್ (ಎಲ್ಲ ಬಗೆಯ ಹಿಮಕ್ಕೂ ಆಗುವ) ಸ್ಕೀ. ನನ್ನ ತೂಕ 78 ಕೆ.ಜಿ. ಗಟ್ಟಿ ರೇಸ್ ಸ್ಕೀ ತಗೊಂಡರೆ ಅದೇ ಕಲಿಸುತ್ತದೆ ಅಂತಾರೆ. ನಿಜವಾ? ಬಳಸಿದವರು ಹೇಳಿ.

ಇನ್ಸ್‌ಬ್ರುಕ್‌ನಿಂದ:

ಅರ್ಧ ನಿಜ. ಗಟ್ಟಿ ಸ್ಕೀ ಏನೂ ಕಲಿಸುವುದಿಲ್ಲ, ನಿಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ ಅಷ್ಟೇ. ಮೆತ್ತನೆ ಸ್ಕೀ ಮೇಲೆ ಹಿಂದಕ್ಕೆ ವಾಲಿ ನಿಂತರೂ ಅದು ಪಾಪ ಹೇಗೋ ತಿರುಗಿಬಿಡುತ್ತದೆ. ಸ್ಲಾಲಮ್ ಸ್ಕೀ (ಚಿಕ್ಕ ಚಿಕ್ಕ ತಿರುವಿನ ರೇಸಿನದ್ದು) ಮೇಲೆ ಹಾಗೆ ನಿಂತು ನೋಡಿ. ಹಿಂತುದಿ ಹಿಮ ಕಚ್ಚಿಕೊಂಡು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ತಿರುವು ಮುಗಿಯುವುದೇ ಇಲ್ಲ. ಮೊಳಕಾಲ ಕೆಳಗಿನ ಮುಂಭಾಗವನ್ನು ಬೂಟಿನ ನಾಲಿಗೆಗೆ ಒತ್ತಿದರೆ ಮಾತ್ರ ಮುಂದಿನ ತುದಿ ಹಿಮದೊಳಗೆ ಇಳಿಯುತ್ತದೆ. ಒತ್ತಿದಿರೋ ಇಲ್ಲವೋ ಅಂತ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಅದೇ ಅದರ ಲಾಭ.

ಆದರೆ ರೇಸ್ ಸ್ಕೀ ಅಂದರೆ ಒಂದೇ ಜಾತಿ ಅಲ್ಲ. ಗಂಡಸರ ವಿಶ್ವಕಪ್ ಜೈಂಟ್ ಸ್ಲಾಲಮ್‌ಗೆ (ದೊಡ್ಡ ತಿರುವಿನ ರೇಸು) ಕನಿಷ್ಠ 193 ಸೆಂ.ಮೀ. ಉದ್ದ, 30 ಮೀಟರ್ ರೇಡಿಯಸ್ (ಸ್ಕೀಯ ಅಂಚಿನ ಬಾಗು ಎಷ್ಟು ದೊಡ್ಡ ವೃತ್ತದ್ದು ಅನ್ನುವ ಅಳತೆ) ಇರಬೇಕು ಅನ್ನುವುದು ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ ಎಫ್‌ಐಎಸ್‌ನ ನಿಯಮ. ಅದರ ತಂಟೆಗೇ ಹೋಗಬೇಡಿ. ಅಂಗಡಿಯಲ್ಲಿ ನಮ್ಮಂಥವರಿಗೆ ಸಿಗುವ ಸ್ಲಾಲಮ್ ಬಗೆ ಬೇರೆ: ಉದ್ದ 165ರ ಆಸುಪಾಸು, ನಡು 65ರಿಂದ 68 ಮಿ.ಮೀ., ರೇಡಿಯಸ್ 12-13 ಮೀಟರ್. ಅಟಾಮಿಕ್ ರೆಡ್‌ಸ್ಟರ್ ಎಸ್9, ಫಿಷರ್ ಆರ್‌ಸಿ4 ಎಸ್‌ಸಿ, ಫೋಲ್ಕ್ಲ್ ರೇಸ್‌ಟೈಗರ್ ಎಸ್‌ಎಲ್ ಎಲ್ಲ ಈ ಗುಂಪಿನವು. ಸೆಕೆಂಡ್ ಹ್ಯಾಂಡ್ ನೋಡುವಾಗ ಒಂದು ಎಚ್ಚರ. ಹೆಸರು, ಬಣ್ಣ ಎಲ್ಲಾ ಒಂದೇ ಥರ ಇದ್ದು ಪಕ್ಕದಲ್ಲಿ ಎಫ್‌ಐಎಸ್ ಅಂತ ಬರೆದಿದ್ದರೆ ಅದು ಬೇರೆಯೇ ಸ್ಕೀ. ಅಗ್ಗಕ್ಕೆ ಸಿಗುವುದೂ ಹೆಚ್ಚಾಗಿ ಅದೇ. ಬೇಡ.

ಇನ್ನೊಂದು ಬಗೆ ಜೈಂಟ್ ಸ್ಲಾಲಮ್ ಥರದ್ದು, 175-180 ಸೆಂ.ಮೀ., ರೇಡಿಯಸ್ 18ರ ಹತ್ತಿರ. ತುಂಬಾ ಜನ ಇದನ್ನೇ ಹೇಳುತ್ತಾರೆ, ಸ್ಥಿರವಾಗಿರುತ್ತದೆ ಅಂತ. ನನಗೆ ಒಪ್ಪಿಗೆ ಇಲ್ಲ, ಯಾಕೆ ಅಂದರೆ ವೇಗ. ಸ್ಕೀಯನ್ನು 30 ಡಿಗ್ರಿ ವಾಲಿಸಿ ಜಾರಿಸದೆ ತಿರುಗಬೇಕಾದರೆ 13 ಮೀಟರ್ ಸ್ಕೀಗೆ ಗಂಟೆಗೆ ಸುಮಾರು 29 ಕಿ.ಮೀ. ಸಾಕು. 18 ಮೀಟರಿನದಕ್ಕೆ 34, 30 ಮೀಟರಿನದಕ್ಕೆ 44. ಇಳಿಜಾರಿನ ಎಳೆತ ಬಿಟ್ಟು ಕಾಗದದ ಮೇಲೆ ಹಾಕಿದ ಲೆಕ್ಕ ಇದು, ಆದರೂ ವಿಷಯ ಗೊತ್ತಾಗುತ್ತದೆ ಅಲ್ವಾ? ಕಲಿಯುವಾಗ ಕಡಿಮೆ ವೇಗದಲ್ಲೇ ಸರಿಯಾದ ತಿರುವು ಸಿಗಬೇಕು. ಶನಿವಾರದ ಗುಂಪಿನಲ್ಲಿ, ಮಕ್ಕಳ ಕ್ಲಾಸು ಅಡ್ಡಡ್ಡ ಬರುತ್ತಿರುವಾಗ ಜಾಸ್ತಿ ವೇಗ ಎಲ್ಲಿಂದ ತರುತ್ತೀರಿ? ಇನ್ನೂ ಜಾಸ್ತಿ ವಾಲಿಸಿದರೆ ತಿರುವು ಇನ್ನೂ ಚಿಕ್ಕದಾಗುತ್ತದೆ. ಅದೇ 13 ಮೀಟರ್ ಸ್ಕೀ 45 ಡಿಗ್ರಿಯಲ್ಲಿ 9 ಮೀಟರಿಗೆ ಇಳಿಯುತ್ತದೆ.

ಮೊದಲು ಬಾಡಿಗೆಗೆ ತಗೊಂಡು ನೋಡಿ. ಬೆಳಿಗ್ಗೆ ಲಿಫ್ಟ್ ಶುರುವಾದ ಕೂಡಲೇ ಹೋಗಿ, ಯಂತ್ರ ಬಿಟ್ಟುಹೋದ ಗೆರೆಗಳು ಇನ್ನೂ ಅಳಿಸಿರಬಾರದು. ಸುಲಭದ ನೀಲಿ ಪಿಸ್ಟ್‌ನಲ್ಲಿ ಪಾದ ತಿರುಚದೆ, ಸುಮ್ನೆ ಎರಡೂ ಕಣಕಾಲನ್ನು ಒಂದೇ ಕಡೆಗೆ ವಾಲಿಸಿ ಕಾಯಿರಿ. ಆಮೇಲೆ ನಿಂತು ಹಿಂದೆ ನೋಡಿ. ರೈಲು ಹಳಿಯ ಹಾಗೆ ಎರಡು ತೆಳು ಗೆರೆ ಇದ್ದರೆ ಅದು ಕಾರ್ವಿಂಗ್. ಹೆಚ್ಚಿನವರದ್ದು ತಿರುವಿನ ಕೊನೆಯಲ್ಲಿ ಚೆನ್ನಾಗಿಯೇ ಇರುತ್ತದೆ, ಶುರುವಿನಲ್ಲಿ ಮಾತ್ರ ಅಂಗೈಯಗಲ ಕೆರೆದ ಗುರುತು. ಎಡ್ಜ್ (ಸ್ಕೀಯ ಲೋಹದ ಅಂಚು) ಹಿಮದಲ್ಲಿ ಕೂರುವ ಮೊದಲೇ ಪಾದ ತಿರುಚಿದ್ದೀರಿ ಅಂತ ಅರ್ಥ. ಕೆಲಸ ಮಾಡಬೇಕಾದ್ದು ಅಲ್ಲಿ.

ಜ್ಯೂರಿಕ್‌ನಿಂದ:

ಮೇಲಿನವರು ಹೇಳಿದ್ದು 80 ಕೆ.ಜಿ. ಆಸುಪಾಸಿನ ಗಂಡಸರಿಗೆ ಸರಿ. ನನ್ನ ತೂಕ 57. ಅಂಥ ಸ್ಕೀಯನ್ನು ನಾನು ಬಾಗಿಸಬೇಕಾದರೆ ತುಂಬಾ ವೇಗ ಬೇಕು. ಬಾಗದ ಸ್ಕೀ ತಿರುಗುವುದಿಲ್ಲ, ಕಾಲು ಮಾತ್ರ ನೋಯುತ್ತದೆ. ಹಾಗಾಗಿ ಒಂದು ಮೆಟ್ಟಿಲು ಕೆಳಗಿನದ್ದು ತಗೊಂಡೆ: ನಡು 70 ಮಿ.ಮೀ., ರೇಡಿಯಸ್ 14 ಮೀಟರ್, ಒಳಗೆ ಲೋಹದ ಪದರ ತೆಳು. ಮಧ್ಯಾಹ್ನದ ಮೇಲೆ ಹಿಮ ಕರಗಿ ಗುಪ್ಪೆ ಗುಪ್ಪೆ ಆಗುತ್ತದಲ್ಲ, ಆಗ ಇದರ ಬೆಲೆ ಗೊತ್ತಾಗುತ್ತದೆ. ಗೆಳತಿಯೊಬ್ಬಳು ಸ್ಲಾಲಮ್ ಸ್ಕೀಯಲ್ಲಿ ಬೆಳಿಗ್ಗೆ ಹಾರಾಡುತ್ತಾಳೆ, ಊಟ ಆದ ಮೇಲೆ ಕೆಫೆಯಲ್ಲಿ ಕೂತಿರುತ್ತಾಳೆ. ನೀವು ಇಡೀ ದಿನ ಸ್ಕೀ ಮಾಡುವವರಾದರೆ ಇದನ್ನೂ ಯೋಚಿಸಿ. ಸ್ಕೀ ಕಲಿಸುವವರ ಹತ್ತಿರ ಕ್ಲಾಸ್ ತಗೊಳ್ಳುವುದೂ ಒಂದು ದಾರಿ. ದುಬಾರಿ, ಒಪ್ಪುತ್ತೇನೆ. ಆದರೆ ಹೊಸ ಸ್ಕೀಯ ಬೆಲೆ ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಗ್ರೆನೋಬಲ್‌ನಿಂದ:

ಬೂಟಿನ ವಿಷಯ ಯಾರೂ ಎತ್ತಲಿಲ್ಲ. ಹಿಮ್ಮಡಿ ಮೇಲೇಳುವಷ್ಟು ಬೂಟು ಸಡಿಲವಿದ್ದರೆ ಯಾವ ಸ್ಕೀಯೂ ನಿಮ್ಮ ಮಾತು ಕೇಳುವುದಿಲ್ಲ. ದುಡ್ಡು ಒಂದಕ್ಕೇ ಇದ್ದರೆ ಬೂಟಿಗೆ ಹಾಕಿ. ಎರಡನೆಯದು ಎಡ್ಜ್. ಉಗುರನ್ನು ಎಡ್ಜ್ ಮೇಲೆ ಅಡ್ಡಕ್ಕೆ ಎಳೆದರೆ ಬಿಳಿ ಪುಡಿ ಬರಬೇಕು. ಬರದಿದ್ದರೆ ಗಟ್ಟಿ ಹಿಮದ ಮೇಲೆ ರೇಸ್ ಸ್ಕೀಯೂ ಜಾರುತ್ತದೆ. ಹರಿತ ಮಾಡಲು ಕೊಡುವಾಗ ಎಡ್ಜ್‌ನ ಕೋನ 88 ಅಥವಾ 87 ಡಿಗ್ರಿ ಅಂತ ಹೇಳಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಡಿನ್ ಸಂಖ್ಯೆಯನ್ನು (ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಅನ್ನುವ ಅಳತೆ) ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನಿಮ್ಮ ಮಟ್ಟ ನೋಡಿ ಅಂಗಡಿಯವರೇ ಇಡಲಿ. ರೇಸ್ ಸ್ಕೀ ಅಂತ ನೀವೇ ಏರಿಸಬೇಡಿ, ಬಿದ್ದಾಗ ಬಿಚ್ಚಿಕೊಳ್ಳದಿದ್ದರೆ ಮಂಡಿಗೆ ಪೆಟ್ಟು.

ಕೇಳಿದವರು ಮತ್ತೆ: ತುಂಬಾ ಥ್ಯಾಂಕ್ಸ್. ಸ್ಲಾಲಮ್ ಬಗೆಯನ್ನೇ ಬಾಡಿಗೆಗೆ ನೋಡುತ್ತೇನೆ. ಫೆಬ್ರವರಿಯಲ್ಲಿ ಊರಿಗೆ ಬಂದಾಗ ಗುಲ್ಮಾರ್ಗ್‌ಗೆ ಹೋಗುವ ಯೋಚನೆ ಇದೆ. ಅಲ್ಲಿಗೂ ಅದೇ ಆಗುತ್ತದಾ?

ಇನ್ಸ್‌ಬ್ರುಕ್‌ನಿಂದ: ಇಲ್ಲ ಮಾರಾಯ್ರೇ. ಅಲ್ಲಿನ ಅಫರ್ವಾಟ್ ಬೆಟ್ಟದ ಮೇಲೆ ಗೊಂಡೋಲಾ ಇಳಿದರೆ ಇರುವುದು ಹೊಸ ಹಿಮ, ಪಿಸ್ಟ್ ಅಲ್ಲ. 66 ಮಿ.ಮೀ. ಸ್ಕೀ ಅದರಲ್ಲಿ ಮುಳುಗುತ್ತದೆ. 100ಕ್ಕಿಂತ ಅಗಲದ್ದನ್ನು ಬಾಡಿಗೆಗೆ ತಗೊಳ್ಳಿ, ಜೊತೆಗೆ ಗೈಡ್ ಇರಲಿ, ಹಿಮಕುಸಿತದ ಜಾಗ ಅದು. ಹಾಗೇ ನಿಮ್ಮ 82ರ ಸ್ಕೀ ಮಾರಬೇಡಿ, ಮಾರ್ಚ್ ಕೊನೆಯ ಮಧ್ಯಾಹ್ನಗಳಿಗೆ ಬೇಕಾಗುತ್ತದೆ.