ಎಫ್‌ಇ ಕಾಲೇಜಿನ ಚಾಪ್ಲೆನ್ಸಿಗೆ ಹಿಂದೂ ವಾಲಂಟಿಯರ್ ಆಗಿ ಕರೆದಿದ್ದಾರೆ, ಅನುಭವ ಇದ್ದವರು ಹೇಳಿ

ಶಿವಮೊಗ್ಗದವಳು, ಬರ್ಕ್‌ಷೈರ್:
ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರದ ಎಫ್‌ಇ ಕಾಲೇಜಿನವರು (ಹದಿನಾರು ದಾಟಿದವರು ಓದು, ಕಸುಬು ಕಲಿಯೋ ಕಾಲೇಜು) ಮಲ್ಟಿ-ಫೇತ್ ಚಾಪ್ಲೆನ್ಸಿ ತಂಡಕ್ಕೆ, ಅಂದರೆ ವಿದ್ಯಾರ್ಥಿಗಳ ಕಷ್ಟಸುಖ ಕೇಳೋ ಬೇರೆ ಬೇರೆ ಧರ್ಮದವರ ತಂಡಕ್ಕೆ, ಒಬ್ಬ ಹಿಂದೂ ವಾಲಂಟಿಯರ್ ಹುಡುಕುತ್ತಿದ್ದಾರೆ. ವಾರಕ್ಕೆ ಅರ್ಧ ದಿನ, ಸಂಬಳ ಇಲ್ಲ. ದೇವಸ್ಥಾನದವರು ನನ್ನ ಹೆಸರು ಕೊಟ್ಟಿದ್ದಾರೆ. ನಾನು ಐಟಿಯಲ್ಲಿರೋದು, ಮಂತ್ರ ಶ್ಲೋಕ ಜಾಸ್ತಿ ಬರಲ್ಲ. ಕಾಲೇಜು ಮನೆಯಿಂದ ಒಂಬತ್ತು ಮೈಲಿ. ಒಪ್ಪಿಕೊಳ್ಳಲಾ, ಬೇಡವಾ?

ಹಾಸನದವನು, ಮಿಡ್‌ಲ್ಯಾಂಡ್ಸ್:
ನಾನು ಈಗಲೂ ಮಾಡುತ್ತಿದ್ದೇನೆ. ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಯಾರೂ ಬಾಯಿ ಬಿಡಲ್ಲ. ವಾಲಂಟಿಯರ್‌ಗೆ ಡಿಬಿಎಸ್ (ಅಪರಾಧ ದಾಖಲೆ ಇದೆಯಾ ಅಂತ ನೋಡುವ ತಪಾಸಣೆ) ಫೀಸು ಇಲ್ಲ, ನಿಜ. ಆದರೆ ಅರ್ಜಿ ಕಳಿಸುವ ಏಜೆನ್ಸಿ ಅಡ್ಮಿನ್ ಚಾರ್ಜ್ ಅಂತ 12 ಪೌಂಡ್ ಕೇಳಿತು. ಕಾಲೇಜಿನವರು ದೇವಸ್ಥಾನದ ಕಡೆ ಕೈ ತೋರಿಸಿದರು, ದೇವಸ್ಥಾನದವರು ಕಾಲೇಜಿನ ಕಡೆ. ಕೊನೆಗೆ ನಾನೇ ಕಟ್ಟಿದೆ. ಆಮೇಲೆ ಎಚ್‌ಆರ್‌ನವರಿಗೆ ಇಂಡಿಯಾದ ಪೊಲೀಸ್ ಕ್ಲಿಯರೆನ್ಸ್ ಬೇಕಾಯಿತು. ಒಂದು ದಿನ ರಜೆ ಹಾಕಿ ಹೋದರೆ ಫೋಟೊ ಅಳತೆ ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ಮತ್ತೆ ರಜೆ, ಮತ್ತೆ 14 ಪೌಂಡ್ ಪಾರ್ಕಿಂಗ್. ಕಾಗದ ಕೈಗೆ ಬರುವ ಹೊತ್ತಿಗೆ ಎಚ್‌ಆರ್‌ನಲ್ಲಿ ಬೇರೆಯವರು ಬಂದಿದ್ದರು. ನಿಮಗೆ ಇದು ಬೇಕೇ ಇರಲಿಲ್ಲವಲ್ಲ ಅಂದರು!

ಇನ್ನು ರೂಮು. ಬಾಗಿಲ ಮೇಲೆ 'ಕ್ವಯಟ್ ರೂಮ್' ಅಂತ ಬೋರ್ಡಿದೆ. ಮೇ ತಿಂಗಳು ಬಂತು ಅಂದ್ರೆ ಪರೀಕ್ಷಾ ಹಾಲಿನಲ್ಲಿ ಹೆಚ್ಚಾದ ಕುರ್ಚಿಗಳೆಲ್ಲ ಅಲ್ಲಿ ಪೇರಿಸಿರುತ್ತವೆ. ಜಿಸಿಎಸ್‌ಇ (ಇಲ್ಲಿನ ಹತ್ತನೇ ಕ್ಲಾಸಿನಂಥ ಪರೀಕ್ಷೆ) ಮ್ಯಾಥ್ಸ್ ಮತ್ತೆ ಬರೆಯುವ ಮಕ್ಕಳಿಗೆ ಎದೆ ಡವಡವ ಅನ್ನುವ ಕಾಲದಲ್ಲೇ ಕೂರಲು ಜಾಗ ಇಲ್ಲ. ದೀಪಾವಳಿಗೆ ಮಾತ್ರ ಪ್ರಿನ್ಸಿಪಾಲರಿಗೆ ನಮ್ಮ ನೆನಪು ಬರುತ್ತೆ. ಅದಕ್ಕೂ ಬ್ಯಾಟರಿ ದೀಪ, ಸ್ಮೋಕ್ ಅಲಾರ್ಮ್ ಹೊಡ್ಕೊಳ್ಳುತ್ತೆ ಅಂತ. ಮಂತ್ರ ಯಾರೂ ಕೇಳಲ್ಲ, ಚಿಂತೆ ಬಿಡಿ.

ಧಾರವಾಡದ ಅಕ್ಕ, ಲಂಡನ್ ಹೊರವಲಯ:
ಪಾರ್ಕಿಂಗ್ ದುಡ್ಡು ಹೋದರೆ ಹೋಯಿತು ಬಿಡ್ರೀ. ನಾನು ಕಳೆದುಕೊಂಡದ್ದು ಬೇರೆ. ನನ್ನ ಹತ್ತಿರ ಒಬ್ಬ ಹುಡುಗಿ ಬರುತ್ತಿದ್ದಳು, ಹದಿನೇಳು ವರ್ಷ. ಬಂದವಳು ಸುಮ್ನೆ ಕೂತು ಬ್ಯಾಗಿನ ಜಿಪ್ ಎಳೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಒಂದು ದಿನ ಬಾಯಿಬಿಟ್ಟಳು. ಬೇಸಿಗೆ ರಜೆಗೆ ಊರಿಗೆ ಕರ್ಕೊಂಡು ಹೋಗಿ ಮದುವೆ ಮಾಡುತ್ತಾರಂತೆ. 'ಆಂಟಿ, ಯಾರಿಗೂ ಹೇಳಬೇಡಿ' ಅಂದಳು. ಹೇಳದೆ ಇರೋಕೆ ಆಗಲ್ಲ. 2023ರ ಫೆಬ್ರುವರಿ 27ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಮದುವೆ ವಯಸ್ಸು ಹದಿನೆಂಟು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮದುವೆ ಮಾಡಿಸುವುದು ಅಪರಾಧ, ಒತ್ತಾಯ ಇರಲಿ ಬಿಡಲಿ. ನಾನು ಅವಳ ಎದುರೇ ಹೇಳಿ, ಅವತ್ತೇ ಡಿಎಸ್‌ಎಲ್ (ಕಾಲೇಜಿನಲ್ಲಿ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರು) ಹತ್ತಿರ ಹೋದೆ. ಹುಡುಗಿ ಇಲ್ಲೇ ಉಳಿದಳು, ಓದು ಮುಂದುವರಿಸಿದಳು.

ಆದರೆ ಸುದ್ದಿ ಹೊರಗೆ ಬಿತ್ತು. ಆಮೇಲೆ ಭಜನೆ ಗುಂಪಿನಲ್ಲಿ ನನ್ನ ಪಕ್ಕ ಕೂರುವವರು ಎದ್ದು ಹೋಗೋಕೆ ಶುರು ಮಾಡಿದರು. ಮಕ್ಕಳ ಹುಟ್ಟುಹಬ್ಬಕ್ಕೆ ಕರೆಯೋದು ನಿಂತಿತು. ಮನೆಯವರು ಕೂಡ 'ಊರ ಉಸಾಬರಿ ನಿನಗ್ಯಾಕೆ' ಅಂದರು. ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ.

ಹಾಸನದವನು, ಮಿಡ್‌ಲ್ಯಾಂಡ್ಸ್:
ಅಕ್ಕ, ನೀವು ಮಾಡಿದ್ದು ದೊಡ್ಡ ಕೆಲಸ. ಆದರೆ ಪಾರ್ಕಿಂಗ್ ದುಡ್ಡು ಸಣ್ಣದು ಅನ್ನಬೇಡಿ. ಪುಕ್ಕಟೆ ಸಿಗುತ್ತಾರೆ ಅಂತ ಗೊತ್ತಾದರೆ ಕಾಲೇಜುಗಳು ಯಾವತ್ತೂ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಲ್ಲ.

ಹುಬ್ಬಳ್ಳಿಯವನು, ಯಾರ್ಕ್‌ಷೈರ್:
ನಾನು ಮುಸ್ಲಿಂ ವಾಲಂಟಿಯರ್ ಆಗಿದ್ದೆ. ಡಿಸೆಂಬರ್‌ನಲ್ಲಿ ಇಲ್ಲಿ ನಮಾಜಿನ ಹೊತ್ತು ನೋಡಿ: ಝುಹರ್ ಹನ್ನೆರಡು ದಾಟುತ್ತಲೇ, ಅಸರ್ ಎರಡರ ಸುಮಾರಿಗೆ, ನಾಲ್ಕಕ್ಕೆ ಮುಂಚೆ ಸೂರ್ಯ ಮುಳುಗಿ ಮಗ್ರಿಬ್. ಮೂರೂ ಕ್ಲಾಸ್ ಹೊತ್ತಿಗೇ ಬರುತ್ತವೆ. ಹುಡುಗರು ಟಾಯ್ಲೆಟ್ ಸಿಂಕಿನಲ್ಲಿ ಕಾಲೆತ್ತಿ ವುಝೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಮಾಡುತ್ತಿದ್ದರು. ನೆಲ ಒದ್ದೆ, ಕ್ಲೀನರ್ ದೂರು, ನನಗೆ ಇಮೇಲ್. ಕಾಲು ತೊಳೆಯುವ ತೊಟ್ಟಿ ಕೂರಿಸಲು 6,800 ಪೌಂಡ್ ಎಸ್ಟಿಮೇಟ್ ಬಂತು, ಅಲ್ಲಿಗೇ ಫೈಲು ಮುಚ್ಚಿತು. ನಾನೇ ಎರಡು ಪ್ಲಾಸ್ಟಿಕ್ ಜಗ್ಗು, ರಬ್ಬರ್ ಮ್ಯಾಟು ತಂದಿಟ್ಟೆ. ಮ್ಯಾಟಿಗೆ ಯಾರೋ ಎಡವಿಬಿಡುತ್ತಾರೆ ಅಂತ ಅದನ್ನೂ ಎತ್ತಿಕೊಂಡು ಹೋದರು.

ನಾನು ಬಿಟ್ಟದ್ದು ಜಗ್ಗಿನ ಕಾರಣಕ್ಕಲ್ಲ. 2015ರಲ್ಲಿ ಪ್ರಿವೆಂಟ್ ಡ್ಯೂಟಿ (ಯಾರೂ ಭಯೋತ್ಪಾದನೆ ಕಡೆ ಹೋಗದಂತೆ ಕಾಲೇಜುಗಳು ತಡೆಯಬೇಕು ಅನ್ನುವ ಕಾನೂನು) ಬಂದ ಮೇಲೆ ಪ್ರೇಯರ್ ರೂಮ್ ಬಳಕೆಗೂ ನಿಯಮ ಇರಬೇಕು ಅಂತಾಯಿತು. ನಮ್ಮಲ್ಲಿ ಬಾಗಿಲ ಹತ್ತಿರ ಹೆಸರು ಬರೆಯುವ ಪುಸ್ತಕ ಇಟ್ಟರು. ಮನೆಯಲ್ಲಿ ಅಪ್ಪನ ಕಾಯಿಲೆ ಬಗ್ಗೆ ಮಾತಾಡೋಕೆ ಬಂದ ಹುಡುಗ ಆ ಪುಸ್ತಕ ನೋಡಿ ವಾಪಸ್ ಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪುಸ್ತಕ ತೆಗೆಯಿರಿ ಅಂದೆ. ತೆಗೆಯಲಿಲ್ಲ. ಬಿಟ್ಟೆ.

ಮೈಸೂರಿನವನು, ಕೇಂಬ್ರಿಜ್‌ಷೈರ್:
ಸರ್ಕಾರಿ ದುಡ್ಡಲ್ಲಿ ನಡೆಯೋ ಕಾಲೇಜಿನಲ್ಲಿ 6,800 ಪೌಂಡಿನ ತೊಟ್ಟಿ ಯಾಕೆ? 2024ರ ಏಪ್ರಿಲ್‌ನಲ್ಲಿ ಹೈಕೋರ್ಟ್ ನಮಾಜಿಗೆ ಅವಕಾಶ ಕೊಡದ ಲಂಡನ್ನಿನ ಮೈಕೇಲಾ ಶಾಲೆಯ ಪರವಾಗೇ ತೀರ್ಪು ಕೊಟ್ಟಿತಲ್ಲ? ನನ್ನ ನೋವು ಕೇಳಿ. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್‌ನ ಶೇ 37.2 ಜನ ಧರ್ಮ ಇಲ್ಲ ಅಂದಿದ್ದಾರೆ. ಹಿಂದೂಗಳು ಶೇ 1.7. ನಾನು ಹ್ಯೂಮನಿಸ್ಟ್ (ದೇವರನ್ನಲ್ಲ, ಮನುಷ್ಯತ್ವವನ್ನು ನಂಬುವವನು) ಆಗಿ ಚಾಪ್ಲೆನ್ಸಿ ತಂಡಕ್ಕೆ ಸೇರುತ್ತೇನೆ ಅಂದರೆ ತಿಂಗಳುಗಟ್ಟಲೆ ಉತ್ತರ ಇಲ್ಲ. ಸೇರಿಸಿಕೊಂಡ ಮೇಲೂ ಮೀಟಿಂಗ್ ಶುರುವಾಗೋದು ಪ್ರಾರ್ಥನೆಯಿಂದ. ಪೋಸ್ಟರಿನಲ್ಲಿ ಎಲ್ಲರ ಫೋಟೊ ಇತ್ತು, ನನ್ನದಿಲ್ಲ. ಈಕ್ವಾಲಿಟಿ ಆ್ಯಕ್ಟ್ 2010ರಲ್ಲಿ ನಂಬಿಕೆ ಇಲ್ಲದವರಿಗೂ ಅದೇ ರಕ್ಷಣೆ ಇದೆ. ನಾಸ್ತಿಕ ಹುಡುಗನಿಗೆ ಅಮ್ಮ ಸತ್ತರೆ ಅಳು ಬರಲ್ವಾ?

ಹುಬ್ಬಳ್ಳಿಯವನು, ಯಾರ್ಕ್‌ಷೈರ್:
ಬರುತ್ತೆ ಸರ್, ಅದರಲ್ಲಿ ನಾನು ನಿಮ್ಮ ಪರ. ಆದರೆ ತೀರ್ಪನ್ನು ಪೂರ್ತಿ ಓದಿ. ಆ ಒಂದು ಶಾಲೆ ನಮಾಜಿಗೆ ಅವಕಾಶ ಕೊಡದೇ ಇದ್ದದ್ದು ಕಾನೂನುಬಾಹಿರ ಅಲ್ಲ ಅಂದರು, ಅಷ್ಟೇ. ಎಲ್ಲ ಕಡೆ ನಿಲ್ಲಿಸಿ ಅನ್ನಲಿಲ್ಲ. ಇನ್ನೊಂದು, ತೊಟ್ಟಿ ಬರಲೇ ಇಲ್ಲ. ಬರದ ತೊಟ್ಟಿಗೆ ನನ್ನ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ?

ಬಾಗಲಕೋಟೆಯವನು, ಸೌತ್ ಲಂಡನ್:
ಹಿಂದೂ ಶೇ 1.7 ಅಂತ ಎಲ್ಲರನ್ನೂ ಒಂದೇ ಡಬ್ಬಿಗೆ ಹಾಕಿಬಿಟ್ಟಿರಿ. ನಾನು ಕಾಲೇಜಿನ ವಾಲಂಟಿಯರ್ ಫಾರ್ಮಿನಲ್ಲಿ 'ಇತರೆ' ಟಿಕ್ ಮಾಡಿ ಲಿಂಗಾಯತ ಅಂತ ಬರೆದೆ. ನಿಮ್ಮನ್ನು ಹಿಂದೂ ತಂಡಕ್ಕೆ ಹಾಕಿದ್ದೇವೆ ಅಂತ ಕಾಲೇಜಿನಿಂದ ಉತ್ತರ ಬಂತು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಿಂದ ಬಸವಣ್ಣ ನಿಂತಿದ್ದಾರೆ, ಬಂದು ನೋಡಿ ಅಂತ ಬರೆದೆ. ಸೊಲ್ಲೇ ಇಲ್ಲ.

ಹಾಸನದವನು, ಮಿಡ್‌ಲ್ಯಾಂಡ್ಸ್:
ಆ ಜಗಳ ಇಲ್ಲಿಗೂ ತರಬೇಕಾ? ಪ್ರತ್ಯೇಕ ಧರ್ಮದ ಶಿಫಾರಸು 2018ರಲ್ಲಿ ಕರ್ನಾಟಕದಿಂದ ಹೋಯಿತು, ದೆಹಲಿಯಲ್ಲಿ ಒಪ್ಪಲಿಲ್ಲ.

ಬಾಗಲಕೋಟೆಯವನು, ಸೌತ್ ಲಂಡನ್:
ದೆಹಲಿ ಒಪ್ಪಿದರೆ ಮಾತ್ರ ನಾನು ಲಿಂಗಾಯತನಾ? ಇಲ್ಲಿನ ಜನಗಣತಿಯಲ್ಲಿ ನಮ್ಮ ಧರ್ಮ ನಾವೇ ಬರೆಯಬಹುದು. ಕಾಲೇಜಿನ ಫಾರ್ಮಿನಲ್ಲಿ ಯಾಕಾಗಲ್ಲ?

ಮಂಗಳೂರಿನವಳು, ಲ್ಯಾಂಕಷೈರ್:
ಇಬ್ಬರೂ ಸ್ವಲ್ಪ ನಿಲ್ಲಿಸಿ ಮಾರಾಯ್ರೆ. ನಾನು ಕ್ಯಾಥೊಲಿಕ್, ನಮ್ಮ ತಂಡದಲ್ಲಿ ಒಬ್ಬರು ಸಿಖ್, ಒಬ್ಬರು ಆಂಗ್ಲಿಕನ್. ಬೆಳಿಗ್ಗೆ ಟೋಸ್ಟ್ ಮೇಜು ಹಾಕುತ್ತೇವೆ, ಬ್ರೆಡ್ಡಿಗೆ ಬೆಣ್ಣೆಗೆ ನಾವೇ ಚಂದಾ ಎತ್ತುವುದು. ತಿಂಡಿ ತಿನ್ನದೆ ಬರುವ ಮಕ್ಕಳು ಎಷ್ಟೊಂದು! ದೇವರ ಹೆಸರು ಅಲ್ಲಿ ಬರುವುದೇ ಅಪರೂಪ.

ಒಂದು ಚಳಿಗಾಲ, ಬ್ರಿಕ್‌ಲೇಯಿಂಗ್ ಕೋರ್ಸಿನ ಒಬ್ಬ ಹುಡುಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಕೌನ್ಸೆಲರ್ ಹತ್ತಿರ ಉದ್ದ ವೇಟಿಂಗ್ ಲಿಸ್ಟ್. ಮೇಷ್ಟ್ರು ನನ್ನನ್ನು ವರ್ಕ್‌ಶಾಪಿಗೆ ಕರೆದರು. ಅಲ್ಲಿ ಸಿಮೆಂಟ್ ಹಾಕಲ್ಲ, ಸುಣ್ಣ ಮರಳಿನ ಗಾರೆ. ಕಟ್ಟಿದ ಗೋಡೆ ಕೆಡವಿ ಅದೇ ಇಟ್ಟಿಗೆ ಮತ್ತೆ ಬಳಸಬೇಕಲ್ಲ. ಆ ಹುಡುಗನ ಅರ್ಧ ಗೋಡೆ ಮೂಲೆಯಲ್ಲಿತ್ತು, ಯಾರೂ ಮುಟ್ಟಿರಲಿಲ್ಲ. ಒಬ್ಬ ಸೀಮೆಸುಣ್ಣ ತಗೊಂಡು ಒಂದು ಇಟ್ಟಿಗೆ ಮೇಲೆ ಅವನ ಅಡ್ಡಹೆಸರು ಬರೆದ. ಆಮೇಲೆ ಒಬ್ಬೊಬ್ಬರೇ ಬಂದು ಬರೆದರು. ನಾನು ಬೈಬಲ್ ತೆರೆಯಲಿಲ್ಲ, ಮಧ್ಯಾಹ್ನದವರೆಗೆ ಅಲ್ಲೇ ನಿಂತಿದ್ದೆ. ಟರ್ಮ್ ಮುಗಿಯುವ ತನಕ ಆ ಗೋಡೆ ಕೆಡವದಂತೆ ನೋಡಿಕೊಂಡೆ. ಇಟ್ಟಿಗೆ ಸಾಲಲ್ಲ ಅಂತ ಡಿಪಾರ್ಟ್‌ಮೆಂಟಿನಿಂದ ಎರಡು ಸಲ ಕೇಳಿದರು. ಕೊಡಲ್ಲ ಅಂದೆ.

ಮೈಸೂರಿನವನು, ಕೇಂಬ್ರಿಜ್‌ಷೈರ್:
ಮೇಡಂ, ಈ ಕೆಲಸ ಯಾರು ಬೇಕಾದರೂ ಮಾಡಬಹುದು ಅಂತಲೇ ನಾನೂ ಹೇಳುತ್ತಿರೋದು.

ಮಂಗಳೂರಿನವಳು, ಲ್ಯಾಂಕಷೈರ್:
ಮಾಡಬಹುದು. ಅವತ್ತು ಬೇರೆ ಯಾರೂ ಬರಲಿಲ್ಲ.

ಶಿವಮೊಗ್ಗದವಳು, ಬರ್ಕ್‌ಷೈರ್:
ಎಲ್ಲರಿಗೂ ಥ್ಯಾಂಕ್ಸ್. ಸ್ವಲ್ಪ ಭಯ ಆಗುತ್ತಿದೆ, ಆದರೆ ಹೋಗಿ ಮಾತಾಡಿ ಬರುತ್ತೇನೆ. ಮೊದಲು ಏನು ಕೇಳಲಿ?

ಧಾರವಾಡದ ಅಕ್ಕ, ಲಂಡನ್ ಹೊರವಲಯ:
ಡಿಎಸ್‌ಎಲ್ ಯಾರು, ನೀವು ಹೋಗುವ ದಿನ ಅವರು ಇರುತ್ತಾರಾ, ಅದನ್ನು ಕೇಳಮ್ಮ. ನಂಬರ್ ಫೋನಿನಲ್ಲಿ ಹಾಕಿಕೊಂಡೇ ಮನೆಗೆ ಬಾ.

ಹಾಸನದವನು, ಮಿಡ್‌ಲ್ಯಾಂಡ್ಸ್:
ಮೈಲೇಜು ಕೂಡ ಕೇಳಿ. ಎಚ್‌ಎಂಆರ್‌ಸಿ (ಇಲ್ಲಿನ ತೆರಿಗೆ ಇಲಾಖೆ) ಲೆಕ್ಕದಲ್ಲಿ ವಾಲಂಟಿಯರಿಗೆ ಮೈಲಿಗೆ 45 ಪೆನ್ಸ್‌ವರೆಗೆ ತೆರಿಗೆ ಇಲ್ಲದೆ ಕೊಡಬಹುದು. ಬಾಯಿ ಮಾತು ಬೇಡ, ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಬಾಗಲಕೋಟೆಯವನು, ಸೌತ್ ಲಂಡನ್:
ಫಾರ್ಮಿನಲ್ಲಿ ಧರ್ಮದ ಕಾಲಂ ಅವರೇ ತುಂಬಿ ಕಳಿಸಿದರೆ ಸಹಿ ಹಾಕಬೇಡಿ.