ಪದಚರ್ಚೆ: ‘ಶಿಫಾರಸು’ ಇಲ್ಲಿ ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ.

ಸ್ಮಾರ್ಟ್‌ಫೋನಿಗಿಂತ ಮುಂಚಿನ ಅಂಗೈ ಕಂಪ್ಯೂಟರುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಎರಡು ದಿನದಿಂದ ಅಲ್ಲೇ ನಿಂತಿದ್ದೇನೆ.

1996ರಲ್ಲಿ ಬಂದ ಪಾಮ್‌ನವರ ಪೈಲಟ್ 1000ರಲ್ಲಿ ಇದ್ದ ಜಾಗ ಬರೀ 128 ಕಿಲೋಬೈಟ್. ಈಗ ವಾಟ್ಸ್ಯಾಪಿಗೆ ಬಂದು ಬೀಳುವ ಒಂದು ಶುಭೋದಯದ ಚಿತ್ರ ಹಿಡಿಸೋದೂ ಕಷ್ಟ! ಆಮೇಲಿನ ಮಾದರಿಗಳಲ್ಲಿ ಜಾಗ ಜಾಸ್ತಿಯಾಯಿತು. ಆದರೂ ಯಾವ ನಿಘಂಟು ಹಾಕಿಕೊಳ್ಳಬೇಕು, ಯಾವ ದಿನಚರಿ ತಂತ್ರಾಂಶ ಒಳ್ಳೆಯದು ಅನ್ನೋದು ಯೋಚಿಸಬೇಕಾದ ಮಾತೇ. ಹಾಗಾಗಿ ಬಳಸಿ ನೋಡಿದವರೇ ಉಳಿದವರಿಗಾಗಿ ‘ಇದು ಹಾಕ್ಕೊಳ್ಳಿ, ಅದು ಬೇಡ’ ಅಂತ ಬರೆದಿಡುತ್ತಿದ್ದರು. ಅಮೆಜಾನ್ ತಾಣದಲ್ಲಿ ಗಿರಾಕಿಗಳೇ ಇಂಥವನ್ನು ಬರೆಯೋದಕ್ಕೆ ಒಂದು ಜಾಗವೂ ಇತ್ತು. ಈ ಬರಹಕ್ಕೆ ಕನ್ನಡದಲ್ಲಿ ಏನನ್ನೋಣ?

‘ಕೈಪಿಡಿ’ ಅಂತ ಬರೆದೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಕೈಪಿಡಿ, ಕೇಳೋಕೆ ಚೆನ್ನಾಗೇ ಇದೆ. ‘ಹಿಡಿ’ಯ ಹಳೆಯ ರೂಪ ‘ಪಿಡಿ’ ಇನ್ನೂ ಉಳಿದಿರುವ ಪದ ಬೇರೆ. ಆದರೆ ಕೈಪಿಡಿ ಅಂದರೆ ಹೇಗೆ ಬಳಸಬೇಕು ಅಂತ ಕಂಪನಿಯವರು ಕೊಡೋದು. ಯಾವುದನ್ನು ಆರಿಸಬೇಕು ಅಂತ ಅದು ಹೇಳೋದಿಲ್ಲ. ‘ಗೈಡ್’ ಅಂದರಂತೂ ನಮಗೆ ಪರೀಕ್ಷೆ ಹಿಂದಿನ ರಾತ್ರಿಯೇ ನೆನಪಾಗೋದು.

ಉಳಿದದ್ದು ‘ಶಿಫಾರಸು’. ಪಾರಸಿಯ ಸಿಫಾರಿಶ್‌ನಿಂದ ಬಂದು ನಮ್ಮ ಕಚೇರಿಗಳಲ್ಲಿ ತಳವೂರಿದ ಪದ. ನನ್ನ ತಕರಾರು ಇರೋದು ಅದರ ದಿಕ್ಕಿನ ಬಗ್ಗೆ. ಶಿಫಾರಸು ಯಾವಾಗಲೂ ಮೇಲಕ್ಕೆ ಹೋಗುತ್ತೆ. ಮಹಿಷಿ ಸಮಿತಿ ಸರ್ಕಾರಕ್ಕೆ ಶಿಫಾರಸು ಮಾಡಿತು ಅಂತೀವಿ. ಕೆಲಸ ಆಗಬೇಕಾದರೆ ಶಾಸಕರ ಶಿಫಾರಸು ಪತ್ರ ತರ್ತೀವಿ. ಕೊಡಲು ಅಧಿಕಾರ ಇರುವವರ ಮುಂದೆ ಒಬ್ಬರ ಪರವಾಗಿ ಆಡುವ ಮಾತು ಅದು. ಇಲ್ಲಿ ಹಾಗಲ್ಲ. ಬಳಸಿದವನು ಬಳಸೋನಿಗೆ ಹೇಳ್ತಾನೆ, ಇಬ್ಬರೂ ಒಂದೇ ಸಾಲಿನವರು. ‘ಪಕ್ಕದ ಮನೆಯವರು ಈ ಟೈಲರನ್ನು ಶಿಫಾರಸು ಮಾಡಿದರು’ ಅಂತ ಯಾರಾದರೂ ಅಂತಾರಾ? ಪತ್ರಿಕೆಯಲ್ಲಿ ಓದಬಹುದು, ಬಾಯಲ್ಲಿ ಕೇಳಿಲ್ಲ.

ಮನೆಯಲ್ಲಿ ನಾವು ಬಳಸೋದು ಸುಮ್ನೆ ‘ಹೇಳು’ ಅಲ್ವಾ? ‘ಒಳ್ಳೆ ಡಾಕ್ಟರ್ ಇದ್ರೆ ಹೇಳಿ’, ‘ಯಾರು ಹೇಳಿದ್ರು ನಿಮಗೆ ಈ ಅಂಗಡೀನ?’ ಅಂತೀವಿ. ಮೆಚ್ಚಿದ್ದು, ಬಳಸಿ ನೋಡಿದ್ದು, ‘ನೀವೂ ನೋಡಿ’ ಅನ್ನೋದು ಎಲ್ಲ ಆ ಒಂದೇ ಕ್ರಿಯಾಪದದಲ್ಲಿ ಬಂದುಬಿಡುತ್ತೆ. ತೊಂದರೆ ಏನಂದ್ರೆ, ಇದರಿಂದ ನಾಮಪದ ಮಾಡಹೊರಟರೆ ‘ಹೇಳಿಕೆ’ ಆಗುತ್ತೆ. ಅದನ್ನು ಆಗಲೇ ಸಚಿವರು, ಪೊಲೀಸರು ತಗೊಂಡುಬಿಟ್ಟಿದ್ದಾರೆ.

ಸದ್ಯಕ್ಕೆ ‘ಬಳಸಿದವರ ಪಟ್ಟಿ’ ಅಂತ ಬರೆದಿಟ್ಟಿದ್ದೇನೆ. ಅದು ಮತದಾರರ ಪಟ್ಟಿ ಥರ ಕೇಳಿಸುತ್ತೆ, ಬಳಸಿದವರ ಹೆಸರುಗಳೇ ಅದರಲ್ಲಿವೆ ಅನ್ನೋ ಹಾಗೆ.

ಧಾರವಾಡದ ಕಡೆ, ಮಂಗಳೂರಿನ ಕಡೆ ಇದಕ್ಕೆ ಏನಾದರೂ ಮಾತಿದೆಯಾ? ಹೊಸದಾಗಿ ಕಟ್ಟಿದ ಪದ ಆಮೇಲೆ ನೋಡೋಣ, ಮೊದಲು ನಿಮ್ಮ ಮನೆಯಲ್ಲಿ ಆಡೋ ಪದ ತಿಳಿಸಿ.